ಪದವಿ ವ್ಯರ್ಥ ಎಂದು ವಾದಿಸುವವರನ್ನು ಏನು ಕೇಳಬೇಕು?

ಕಾಲೇಜು ಬಿಟ್ಟವರೇ ದೊಡ್ಡ ಉದ್ಯಮಿಗಳಾಗಿದ್ದಾರೆ, ಆದ್ದರಿಂದ ಪದವಿ ವ್ಯರ್ಥ ಎಂಬ ವಾದವನ್ನು ಜಗಳಕ್ಕೆ ಎಡೆಯಾಗದಂತೆ ಪ್ರಶ್ನಿಸುವುದು ಹೇಗೆ ಎಂದು ಕೇಳಿದ್ದೀರಿ. ಇಂಥ ಕಡೆ ನಾನು ಮೊದಲು ಕೇಳುವುದು ಇಷ್ಟೇ: ಈ ಲೆಕ್ಕದಿಂದ ಯಾರು ಹೊರಗುಳಿದಿದ್ದಾರೆ?

ಬಿಲ್ ಗೇಟ್ಸ್ 1975ರಲ್ಲಿ ಹಾರ್ವರ್ಡ್ ಬಿಟ್ಟದ್ದು ನಿಜ, ಅದನ್ನು ಅಲ್ಲಗಳೆಯಬೇಡಿ. ಆದರೆ ಅವರು ಶಾಲಾ ದಿನಗಳಿಂದಲೇ ಪ್ರೋಗ್ರಾಂ ಬರೆಯುತ್ತಿದ್ದರು ಎಂಬುದೂ ಅಷ್ಟೇ ನಿಜ. ಅವರಂತೆಯೇ ಓದು ಬಿಟ್ಟು, ಕಂಪನಿ ಕಟ್ಟಲು ಹೋಗಿ ಕೈಸುಟ್ಟುಕೊಂಡವರ ಹೆಸರು ಸುದ್ದಿಯಾಗುವುದು ಅಪರೂಪವಾದ್ದರಿಂದ ನಮ್ಮ ಕಣ್ಣಿಗೆ ಬೀಳುವುದು ಗೆದ್ದವರ ಪಟ್ಟಿ ಮಾತ್ರ. ಎರಡನೇ ಮಹಾಯುದ್ಧದ ಕಾಲದಲ್ಲಿ ಸಂಖ್ಯಾಶಾಸ್ತ್ರಜ್ಞ ಅಬ್ರಹಾಂ ವಾಲ್ಡ್ ಎದುರಿಸಿದ ಸಮಸ್ಯೆಯೂ ಇದೇ ಬಗೆಯದು: ಪರೀಕ್ಷೆಗೆ ಸಿಗುತ್ತಿದ್ದವು ಮರಳಿ ಬಂದ ವಿಮಾನಗಳಷ್ಟೇ, ಅವುಗಳಲ್ಲಿ ಗುಂಡಿನ ಗುರುತು ವಿರಳವಾಗಿದ್ದ ಭಾಗವೇ ಹೆಚ್ಚು ಅಪಾಯದ್ದಾಗಿರಬಹುದಿತ್ತು, ಏಕೆಂದರೆ ಅಲ್ಲಿ ಏಟು ತಿಂದವು ಮರಳುತ್ತಲೇ ಇರಲಿಲ್ಲ.

ಈ ಪ್ರಶ್ನೆಯನ್ನು ನಮ್ಮ ಕಡೆಯ ವಾದಕ್ಕೂ ಹಾಕದಿದ್ದರೆ ಅದು ಬರೀ ಆಯುಧವಾಗುತ್ತದೆ. ಪದವೀಧರರ ಸಂಬಳ ಹೆಚ್ಚು, ಹಾಗಾಗಿ ಕಾಲೇಜೇ ಸಂಬಳ ಹೆಚ್ಚಿಸುತ್ತದೆ ಎನ್ನುವುದೂ ದುರ್ಬಲ ವಾದವೇ. ಕಲಿತ ವಿಷಯಕ್ಕಿಂತ, ಈತ ಸಮರ್ಥನೆಂದು ಉದ್ಯೋಗದಾತರಿಗೆ ಸೂಚಿಸುವುದರಿಂದಲೂ ಪದವಿಗೆ ಬೆಲೆ ಬರಬಹುದೆಂದು ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ 1973ರಲ್ಲೇ ತೋರಿಸಿದ್ದರು. ಇದನ್ನು ನಾನೇ ಮೊದಲು ಒಪ್ಪಿಕೊಂಡಾಗ ಎದುರಿನವರ ದನಿ ಎಷ್ಟೋ ಸಲ ಮೆತ್ತಗಾಗಿದೆ.

ಪದವಿಯ ಮಾತು ಒಂದೇ ಅಲ್ಲ, ಅರ್ಥಶಾಸ್ತ್ರದ ಬೇರೆ ಚರ್ಚೆಗಳಲ್ಲೂ ಬಿಟ್ಟುಹೋಗುವುದು ಬಹುಮಟ್ಟಿಗೆ ಹೋಲಿಕೆ. ಕನಿಷ್ಠ ವೇತನ ಏರಿದರೆ ಕೆಲಸಗಳು ಹೋಗುತ್ತವೆ ಎನ್ನುವವರು ಏರಿಕೆಯ ನಂತರದ ಸ್ಥಿತಿಯನ್ನಷ್ಟೇ ತೋರಿಸುತ್ತಾರೆ. ಏರದಿದ್ದರೆ ಏನಾಗುತ್ತಿತ್ತು ಎಂಬುದು ಅದರಲ್ಲಿಲ್ಲ. 1992ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಗಂಟೆಯ ಕನಿಷ್ಠ ವೇತನವನ್ನು 4.25 ಡಾಲರ್‌ನಿಂದ 5.05 ಡಾಲರ್‌ಗೆ ಏರಿಸಿದಾಗ ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಅಲ್ಲಿನ ಫಾಸ್ಟ್‌ಫುಡ್ ಅಂಗಡಿಗಳನ್ನು, ವೇತನ ಏರದ ನೆರೆಯ ಪೆನ್ಸಿಲ್ವೇನಿಯಾದ ಅಂಗಡಿಗಳೊಡನೆ ಹೋಲಿಸಿದರು. ಉದ್ಯೋಗ ಕುಸಿದದ್ದು ಅವರಿಗೆ ಕಾಣಲಿಲ್ಲ. ಅವರ ಅಂಕಿಅಂಶಗಳ ಬಗ್ಗೆ ಮುಂದೆ ಬೇರೆ ಅರ್ಥಶಾಸ್ತ್ರಜ್ಞರು ತಕರಾರು ಎತ್ತಿದರು, ಅದನ್ನೂ ಹೇಳಲೇಬೇಕು. ಆ ತಕರಾರು ಉದ್ಯೋಗವನ್ನು ಅಳೆದ ಬಗೆಯ ಕುರಿತಾಗಿತ್ತು ಎಂಬುದೇ ನನಗೆ ಮುಖ್ಯ.

ಇಷ್ಟಾದ ಮೇಲೂ ವಾದ ಬಿಗಿಯಾದರೆ, ಯಾವ ಮಾಹಿತಿ ಸಿಕ್ಕರೆ ನಿಮ್ಮ ಅಭಿಪ್ರಾಯ ಬದಲಾದೀತು ಎಂದು ಕೇಳಿ, ಅದೇ ಪ್ರಶ್ನೆಗೆ ನಿಮ್ಮ ಉತ್ತರವನ್ನೂ ಅಲ್ಲೇ ಹೇಳಿ. ಯಾವುದೂ ಬದಲಿಸದು ಎಂಬ ಉತ್ತರ ಬಂದಲ್ಲಿ ನಾನು ವಂದಿಸಿ ಮಾತು ನಿಲ್ಲಿಸುತ್ತೇನೆ.