ಜೋಡಿ ಹಾವು ಸೇಡಿಗೆ ಬಂದಿಲ್ಲ, ಅಕ್ಕಾವರೇ

ಓದುಗರ ಪತ್ರ: ನಮ್ಮದು ಮುಧೋಳ ತಾಲ್ಲೂಕಿನ ಹಳ್ಳಿ. ಹೋದ ತಿಂಗಳು ಮಟಮಟ ಮಧ್ಯಾಹ್ನ ಹಿತ್ತಲದ ಬದನೆ ಮಡಿಯಲ್ಲಿ ಆಳುದ್ದದ ಕಂದು ಹಾವು ಸರ್ರನೆ ಹರಿಯಿತು, ಹೆಡೆ ಎತ್ತಲಿಲ್ಲ. ಓಣಿಯ ಹುಡುಗರು ಬಡಿದು ಕೊಂದರು. ಎಂಟು ದಿನದಲ್ಲಿ ಕುಳ್ಳಿನ (ಬೆರಣಿಯ) ಬಣವಿ ಹತ್ತಿರ ಪೊರೆ ಸಿಕ್ಕಿತು. ಜೋಡಿ ಸೇಡಿಗೆ ಬಂದಿದೆ ಅಂತಾರೆ ಅತ್ತೆ. ಯಜಮಾನರು ಬಳ್ಳೊಳ್ಳಿ ನೀರು, ಫಿನೈಲು ಹೊಡೆದರು. ಹಿತ್ತಲ ಕಿತ್ತು ಫರಸಿ ಹಾಸಿಬಿಡಲೇ?

ಸಂಪಾದಕರ ಉತ್ತರ:

ಅಕ್ಕಾವರೇ, ಹಿತ್ತಲ ಕೀಳಬೇಡಿ. ಬದನೆ, ಪುಂಡಿಪಲ್ಯ, ಹೀರೆ ಬಳ್ಳಿ ಯಾವುವೂ ಹಾವನ್ನು ಕರೆಯುವುದಿಲ್ಲ.

ನೀವು ಬರೆದ ಗುರುತು ನೋಡಿದರೆ ಹುಡುಗರು ಕೊಂದದ್ದು ಬಹುಶಃ ಕೇರೆ ಹಾವು, ನಮ್ಮ ಮಂದಿಯ ಬಾಯಲ್ಲಿ ಕ್ಯಾರಿ. ಅದಕ್ಕೆ ವಿಷವಿಲ್ಲ, ಇಲಿಯೇ ಅದರ ಮುಖ್ಯ ಊಟ. ಕೇರೆ ಅಂದರೆ ನಾಗರದ ಗಂಡು ಎಂಬ ಮಾತು ಊರೂರಲ್ಲಿದೆ. ಎರಡೂ ಬೇರೆ ಬೇರೆ ಜಾತಿ. ಕೇರೆ ಮತ್ತು ನಾಗರ ಹೆಣೆದುಕೊಂಡಿದ್ದವು ಎಂದು ಹೇಳುವವರು ಕಂಡಿರುವುದು ಸಾಮಾನ್ಯವಾಗಿ ಎರಡು ಗಂಡು ಕೇರೆಗಳ ಕುಸ್ತಿಯನ್ನು.

ಇನ್ನು ಅತ್ತೆಯವರ ಮಾತು. ಹಾವುಗಳು ಗಂಡ ಹೆಂಡತಿಯಂತೆ ಜೋಡಿಯಾಗಿ ಬಾಳುವುದಿಲ್ಲ, ಸೇಡು ಇಟ್ಟುಕೊಳ್ಳುವುದೂ ಇಲ್ಲ. ಆದರೆ ಅವರ ಭಯ ಎಲ್ಲಿಂದ ಬಂತೆಂದು ನನಗೆ ಗೊತ್ತು. ಒಂದನ್ನು ಕೊಂದ ಮೇಲೆ ಇನ್ನೊಂದು ಬರುವುದನ್ನು ಅವರು ಕಣ್ಣಾರೆ ಕಂಡಿರುತ್ತಾರೆ. ಮೊದಲನೆಯದನ್ನು ಕರೆತಂದ ಇಲಿ ಅಲ್ಲೇ ಉಳಿದಿದ್ದರೆ ಎರಡನೆಯದು ಬರದೆ ಇರುತ್ತದೆಯೇ? ನಿಮ್ಮದು ಕಬ್ಬಿನ ಸೀಮೆ. ಫಡ ಕಡಿದ ಮೇಲೆ ಆಸರೆ ತಪ್ಪಿದ ಇಲಿಗಳು ಕಣಕಿ ಬಣವಿ, ಜೋಳದ ಚೀಲ, ಕೋಳಿ ಗೂಡಿನ ಕಾಳು ಹುಡುಕಿ ಮನೆ ಹಿಂದೆ ಸೇರುತ್ತವೆ. ಹಾವು ಅವುಗಳ ಬೆನ್ನು ಹತ್ತಿ ಬರುತ್ತದೆ. ಹಿಂದಿನ ಕೇರೆ ಇದ್ದಿದ್ದರೆ ಆ ಇಲಿಗಳನ್ನೇ ತಿನ್ನುತ್ತಿತ್ತು.

ಬಳ್ಳೊಳ್ಳಿ, ಫಿನೈಲು ನಂಬಿ ಮಲಗಬೇಡಿ. ವಾಸನೆ ಹಾರಿಹೋಗುತ್ತದೆ, ಹಾವು ದಾಟಿ ಬರುತ್ತದೆ. ಫಿನೈಲು ಬಿದ್ದ ಮಡಿಯ ಪಲ್ಯವನ್ನು ಈ ಸಲ ತಿನ್ನಬೇಡಿ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ್ದು ಪೊರೆಯಲ್ಲ, ಕುಳ್ಳಿನ ಬಣವಿ. ನಸುಕಿನಲ್ಲಿ ನೀರು ಕಾಸಲು ಹೆಣ್ಣುಮಕ್ಕಳು ಕತ್ತಲಲ್ಲೇ ಅದರೊಳಗೆ ಕೈ ಹಾಕುತ್ತಾರೆ. ನಮ್ಮ ಸೋದರತ್ತೆ ಹಾಗೇ ಹಾಕಿದ್ದರು. ಚೇಳು ಅಂದುಕೊಂಡರು, ಅದು ಕೊಳಕುಮಂಡಲ. ಮುಂಗೈಗೆ ಹಗ್ಗ ಬಿಗಿದು, ಮಂತ್ರ ಹಾಕುವವರ ಮನೆಗೆ ಒಯ್ದು, ಆಸ್ಪತ್ರೆ ಮುಟ್ಟುವಾಗ ಮಧ್ಯಾಹ್ನ ದಾಟಿತ್ತು. ಜೀವ ಉಳಿಯಿತು, ಎರಡು ಬೆರಳು ಹೋದವು. ಆ ಕೈಯಿಂದ ರೊಟ್ಟಿ ಬಡಿಯಲು ಅವರು ಪಟ್ಟ ಪಾಡು ನಾನು ನೋಡಿದ್ದೇನೆ.

ಆದ್ದರಿಂದ ಕುಳ್ಳನ್ನು ನೆಲದಿಂದ ಎರಡಡಿ ಮೇಲೆ ಕಟ್ಟೆಯ ಮೇಲೆ ಒಟ್ಟಿರಿ. ಬ್ಯಾಟರಿ ಹಿಡಿದು ನೋಡಿ, ಕೋಲಿನಿಂದ ಎಳೆದು, ಆಮೇಲೆ ಕೈ ಹಾಕಿ. ಗಿಡದ ಬುಡಕ್ಕೆ ರವದಿ, ಅಂದರೆ ಕಬ್ಬಿನ ಒಣ ಎಲೆ, ತೆಳ್ಳಗೆ ಹಾಸಿ. ಗೋಡೆ ಪಕ್ಕ ರಾಶಿ ಹಾಕಬೇಡಿ, ಒಣ ರವದಿಯಲ್ಲಿ ಕೊಳಕುಮಂಡಲ ಮಲಗಿದರೆ ಕಣ್ಣಿಗೇ ಬೀಳುವುದಿಲ್ಲ. ಬಚ್ಚಲ ಮೋರಿಗೆ ಜಾಳಿಗೆ ಬಡಿಸಿ. ನೆಲದ ಮೇಲೆ ಮಲಗುವ ರೂಢಿಯಿದ್ದರೆ ಬಿಡಿ. ವಿಷದ ಕಟ್ಟಹಾವು ತಿರುಗುವುದು ರಾತ್ರಿ, ಕಚ್ಚಿದ್ದು ನಿದ್ದೆಯಲ್ಲಿ ಗೊತ್ತೇ ಆಗದಿರಬಹುದು. ನಸುಕಿನಲ್ಲಿ ಹೊಟ್ಟೆನೋವು, ರೆಪ್ಪೆ ಜೋಲು ಬೀಳುವುದು, ಗುಟುಕು ಇಳಿಯದಿರುವುದು ಕಂಡರೆ ಗಾಯ ಹುಡುಕುತ್ತ ಕೂಡದೆ ಆಸ್ಪತ್ರೆಗೆ ಹೊರಡಿ. ಮಂಚ ಮತ್ತು ಹಾಸಿಗೆಯಡಿ ಸಿಕ್ಕಿಸಿದ ಸೊಳ್ಳೆಪರದೆ ಒಳ್ಳೆಯ ಕಾವಲು.

ಹಾವು ಕಂಡರೆ ದೂರ ನಿಂತು ದಾರಿ ಬಿಡಿ. ಮನೆಯೊಳಗೆ ಹೊಕ್ಕರೆ ಅರಣ್ಯ ಇಲಾಖೆಗೆ ತಿಳಿಸಿ. 1972ರ ವನ್ಯಜೀವಿ ಕಾಯ್ದೆ ಹಾವಿಗೂ ರಕ್ಷಣೆ ಕೊಟ್ಟಿದೆ ಎಂದು ಓಣಿಯ ಹುಡುಗರಿಗೂ ಹೇಳಿ. ಬಡಿಯಲು ಹತ್ತಿರ ಹೋದವರೇ ಕಚ್ಚಿಸಿಕೊಳ್ಳುವುದುಂಟು.

ಕಚ್ಚಿದರೆ ಕೊಯ್ಯಬೇಡಿ, ಹೀರಬೇಡಿ, ಹಗ್ಗ ಬಿಗಿಯಬೇಡಿ. ಬಳೆ, ಉಂಗುರ, ಕಾಲುಂಗುರ ತೆಗೆದು, ಮುರಿದ ಎಲುಬಿಗೆ ಕಟ್ಟುವಂತೆ ಕಚ್ಚಿದ ಕೈಕಾಲಿಗೆ ಮರದ ಪಟ್ಟಿಯ ಆಸರೆ ಕೊಟ್ಟು, ಅಲುಗಾಡಿಸದೆ 108ಕ್ಕೆ ಕರೆ ಮಾಡಿ. ಹಾವು ಹಿಡಿದು ಒಯ್ಯುವ ಅಗತ್ಯವಿಲ್ಲ. ನಾಗರ, ಕಟ್ಟಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ ಪ್ರತಿವಿಷ. 2000ದಿಂದ 2019ರವರೆಗೆ ದೇಶದಲ್ಲಿ ವರ್ಷಕ್ಕೆ ಸರಾಸರಿ 58 ಸಾವಿರ ಜನ ಹಾವು ಕಚ್ಚಿ ಸತ್ತರೆಂಬುದು ಸಂಶೋಧಕರ ಅಂದಾಜು. 2024ರಿಂದ ನಮ್ಮ ರಾಜ್ಯದಲ್ಲಿ ಪ್ರತಿ ಹಾವು ಕಡಿತವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು.

ಈ ವಾರ ಯಜಮಾನರನ್ನು ಒಂದು ಕೆಲಸಕ್ಕೆ ಹಚ್ಚಿ. ಪ್ರತಿವಿಷದ ದಾಸ್ತಾನು ರಾತ್ರಿಯೂ ಸಿಗುವ ಹತ್ತಿರದ ಆಸ್ಪತ್ರೆ ಯಾವುದೆಂದು ಕೇಳಿ ಬಂದು, ಅದರ ಹೆಸರು, ಫೋನ್ ನಂಬರನ್ನು ಅತ್ತೆಯವರಿಗೂ ಓದಲು ಬರುವಂತೆ ದಪ್ಪಕ್ಷರದಲ್ಲಿ ಹಿತ್ತಲ ಬಾಗಿಲ ಒಳಗಡೆ ಬರೆಯಲಿ.