ಜರ್ಮನಿಯಿಂದ ಜಾರ್ಜಿಯಾಕ್ಕೆ ಸ್ವಂತ ಕಾರಿನಲ್ಲಿ: ಟರ್ಕಿ ದಾಟಲು ನಾಲ್ಕು ದಿನ ಸಾಕಾ?

ಸಾಲಲ್ಲ.

ನೀವು ಕೇಳಿರುವುದು ಇಷ್ಟು. ಮ್ಯೂನಿಕ್‌ನಿಂದ ಸ್ವಂತ ಕಾರಿನಲ್ಲಿ ಹೊರಟು ಟರ್ಕಿ ದಾಟಿ ಜಾರ್ಜಿಯಾದ ಬಟುಮಿ ಸೇರಬೇಕು. ಜೊತೆಗೆ ಹೆಂಡತಿ, ಎಂಟು ವರ್ಷದ ಮಗಳು. ಮೂವರದ್ದೂ ಭಾರತದ ಪಾಸ್‌ಪೋರ್ಟ್, ಜರ್ಮನಿಯ ವಾಸದ ಪರವಾನಗಿ ಇದೆ. ಟರ್ಕಿಗೆ ನಾಲ್ಕು ದಿನ ಇಟ್ಟಿದ್ದೀರಿ, ಅದರಲ್ಲಿ ಎರಡು ಇಸ್ತಾಂಬುಲ್‌ಗೇ ಹೋಗುತ್ತೆ. ಕಾಗದಪತ್ರ ಏನು ಬೇಕು, ಸೇಫಾ, ಸಸ್ಯಾಹಾರ ಸಿಗುತ್ತಾ ಅಂತಲೂ ಕೇಳಿದ್ದೀರಿ.

ನಾಲ್ಕು ದಿನದಲ್ಲಿ ದಾಟುವವರು ಖಂಡಿತ ಇದ್ದಾರೆ, ಅವರು ಲಾರಿ ಓಡಿಸುವವರು. ಬಲ್ಗೇರಿಯಾ ಗಡಿಯಿಂದ ಜಾರ್ಜಿಯಾ ಗಡಿಗೆ ಕಪ್ಪು ಸಮುದ್ರದ ದಂಡೆ ಹಿಡಿದು ಹೋದರೇ ಸುಮಾರು 1500 ಕಿಲೋಮೀಟರ್. ನಾವು ಹೋದ ಹಾಗೆ ಅಂಕಾರಾ, ಕಪಡೋಕಿಯಾ, ಎರ್ಜುರುಮ್ ಸುತ್ತಿಕೊಂಡು ಹೋದರೆ 2000ದ ಹತ್ತಿರ ಆಗುತ್ತೆ. ನಾವು ಸ್ಟುಟ್‌ಗಾರ್ಟ್‌ನಿಂದ ಹೊರಟಿದ್ದು 2025ರ ಸೆಪ್ಟೆಂಬರ್‌ನಲ್ಲಿ. ನಾನು, ಹೆಂಡತಿ, ಒಂಬತ್ತು ವರ್ಷದ ಮಗ, ಒಂದು ಹಳೇ ಡೀಸೆಲ್ ಸ್ಕೋಡಾ ಆಕ್ಟೇವಿಯಾ. ಟರ್ಕಿಯಲ್ಲಿ ಹನ್ನೊಂದು ದಿನ ಇದ್ದೆವು. ಮತ್ತೆ ಹೋದರೆ ಇಸ್ತಾಂಬುಲ್‌ನಿಂದ ಒಂದು ದಿನ ಕಿತ್ತು ಪೂರ್ವಕ್ಕೆ ಸೇರಿಸುತ್ತೇನೆ. ಇಸ್ತಾಂಬುಲ್‌ಗೆ ವಿಮಾನದಲ್ಲಿ ಯಾವಾಗ ಬೇಕಾದರೂ ಹೋಗಬಹುದು, ಅಲ್ವಾ? ಎರ್ಜುರುಮ್‌ನಿಂದ ಕಪ್ಪು ಸಮುದ್ರದ ದಂಡೆಯ ರಿಜೆಗೆ ಇಳಿಯುವ ದಾರಿಗೆ ಕಾರೇ ಬೇಕು.

ಮೊದಲು ಕಾಗದದ ವಿಷಯ. ಏಕೆಂದರೆ ನಾನು ಎಡವುತ್ತಿದ್ದದ್ದು ಅಲ್ಲೇ.

ಏಷ್ಯಾ ಶುರುವಾಗುವುದು ಸಮುದ್ರ ದಾಟಿದ ಮೇಲೆ ಅಂತ ಎಲ್ಲರೂ ತಿಳಿದಿರುತ್ತಾರೆ. ನನ್ನ ಪಾಲಿಗೆ ಅದು ಶುರುವಾಗಿದ್ದು ಇನ್ಶೂರೆನ್ಸ್ ಕಾಗದದ ನಾಲ್ಕನೇ ಪುಟದಲ್ಲಿ. ಗ್ರೀನ್ ಕಾರ್ಡ್‌ನಲ್ಲಿ (ಪರದೇಶದಲ್ಲೂ ಕಾರಿಗೆ ಇನ್ಶೂರೆನ್ಸ್ ಇದೆ ಅಂತ ತೋರಿಸುವ ಕಾಗದ) ಟರ್ಕಿಯ ಗುರುತು 'ಟಿಆರ್' ಇದೆ, ಅದರ ಮೇಲೆ ಗೆರೆ ಹೊಡೆದಿಲ್ಲ, ಸರಿ ಅಂತ ಸುಮ್ನೆ ಇದ್ದೆ. ಆಮೇಲೆ ಒಂದು ರಾತ್ರಿ ಸಣ್ಣಕ್ಷರ ಓದುತ್ತಾ ಕೂತಾಗ ಕಂಡಿತು. ನಮ್ಮ ಕಾರಿಗೇ ಪೆಟ್ಟಾದರೆ ದುಡ್ಡು ಕೊಡುವ ಭಾಗ ಇದೆಯಲ್ಲ, ಅದು 'ಭೂಗೋಳದ ಪ್ರಕಾರ ಯುರೋಪ್' ಮಾತ್ರ ಅಂತ ಬರೆದಿತ್ತು. ಅಂದರೆ ಟರ್ಕಿಯ ನೂರಕ್ಕೆ ಮೂರು ಪಾಲು ನೆಲಕ್ಕೆ ಮಾತ್ರ ಅನ್ವಯ! ಇಸ್ತಾಂಬುಲ್‌ನಲ್ಲಿ ಯುರೋಪ್, ಏಷ್ಯಾ ಬೇರೆ ಮಾಡುವ ಬಾಸ್ಫರಸ್ ಜಲಸಂಧಿ ದಾಟಿದ ಕೂಡಲೇ ಕಾರು ದೇವರ ಪಾಲು. ಜರ್ಮನಿಯ ಎಷ್ಟೋ ಪಾಲಿಸಿಗಳಲ್ಲಿ ಹೀಗೇ ಇರುತ್ತದೆ. ಫೋನ್ ಮಾಡಿ ಏಷ್ಯಾದ ಭಾಗವನ್ನೂ ಸೇರಿಸಿ ಅಂತ ಕೇಳಿ, ಬರಹದಲ್ಲಿ ತರಿಸಿಕೊಳ್ಳಿ. ಜಾರ್ಜಿಯಾದಲ್ಲಿ ಪರದೇಶದ ಕಾರಿಗೆ ಬೇರೆಯಾಗಿ ಸ್ಥಳೀಯ ಇನ್ಶೂರೆನ್ಸ್ ಮಾಡಿಸಬೇಕು. ಅದು ಗಡಿಯಲ್ಲೇ ಸಿಗುತ್ತದೆ, ತಲೆಬಿಸಿ ಬೇಡ.

ವೀಸಾ ಸುಲಭ. ಜರ್ಮನಿಯ ಪರವಾನಗಿ ಚಾಲ್ತಿಯಲ್ಲಿದ್ದರೆ ಭಾರತೀಯರಿಗೆ ಟರ್ಕಿಯ ಇ-ವೀಸಾ ಆನ್‌ಲೈನ್‌ನಲ್ಲೇ ಸಿಗುತ್ತದೆ, ಒಂದು ತಿಂಗಳಿಗೆ. ಸರ್ಕಾರದ ಸೈಟ್‌ನಲ್ಲೇ ಮಾಡಿ, ಅದರ ಹಾಗೇ ಕಾಣುವ ದಲ್ಲಾಳಿ ಸೈಟ್‌ಗಳು ಬೇಕಾದಷ್ಟಿವೆ. ಆದರೆ ಅದು ಒಂದೇ ಸಲದ ಪ್ರವೇಶ. ಜಾರ್ಜಿಯಾಗೆ ಹೋಗಿ ಅದೇ ದಾರಿಯಲ್ಲಿ ವಾಪಸ್ ಬರುತ್ತೀರಾದರೆ ಎರಡನೇ ಸಲಕ್ಕೆ ಬೇರೆ ವೀಸಾ ಬೇಕು. ಇದನ್ನು ಮರೆತು ಬಟುಮಿಯಲ್ಲಿ ಕೂತು ಪರದಾಡುವವರು ಇರುತ್ತಾರೆ. ಜಾರ್ಜಿಯಾಕ್ಕೆ ನಿಮ್ಮ ಷೆಂಗೆನ್ ಪರವಾನಗಿಯೇ ಸಾಕು, ವೀಸಾ ಬೇಡ. ನಿಯಮ ಬದಲಾಗುತ್ತಿರುತ್ತೆ, ಹೊರಡುವ ವಾರ ಇನ್ನೊಮ್ಮೆ ನೋಡಿಕೊಳ್ಳಿ.

ಇನ್ನೊಂದು ಮಾತು. ಕಾರು ಟರ್ಕಿಯೊಳಗೆ ಬರುವಾಗ ಅದನ್ನು ಓಡಿಸಿಕೊಂಡು ಬಂದವರ ಪಾಸ್‌ಪೋರ್ಟಿಗೆ ಕಂಪ್ಯೂಟರಿನಲ್ಲಿ ಗಂಟು ಹಾಕುತ್ತಾರೆ. ಅವರು ಕಾರು ಬಿಟ್ಟು ದೇಶದಿಂದ ಹೊರಗೆ ಹೋಗುವ ಹಾಗಿಲ್ಲ. ಊರಲ್ಲಿ ಏನೋ ಆಗಿ ತುರ್ತಾಗಿ ಬೆಂಗಳೂರಿಗೆ ವಿಮಾನ ಹತ್ತಬೇಕಾಗಿ ಬಂದರೆ ಮೊದಲು ಕಸ್ಟಮ್ಸ್‌ನವರ ಹತ್ತಿರ ಕಾರು ಒಪ್ಪಿಸಬೇಕು. ಹಾಗಾಗಿ ಗಡಿಯಲ್ಲಿ ಸ್ಟೀರಿಂಗ್ ಯಾರ ಕೈಯಲ್ಲಿರಬೇಕು ಅಂತ ಮನೆಯಲ್ಲೇ ತೀರ್ಮಾನ ಮಾಡಿ. ಕಾರಿನ ಕಾಗದ ಯಾರ ಹೆಸರಲ್ಲಿದೆಯೋ ಅವರೇ ಇದ್ದರೆ ಒಳ್ಳೆಯದು.

ಮ್ಯೂನಿಕ್‌ನಿಂದ ಗಡಿಯವರೆಗೆ ಹೇಳುವುದೇನೂ ಇಲ್ಲ. ಆಸ್ಟ್ರಿಯಾ, ಹಂಗೇರಿ, ರೊಮೇನಿಯಾ, ಬಲ್ಗೇರಿಯಾ. 2025ರ ಜನವರಿ 1ರಿಂದ ಕೊನೆಯ ಎರಡೂ ಷೆಂಗೆನ್‌ಗೆ ಪೂರ್ತಿ ಸೇರಿದ್ದರಿಂದ ಪಾಸ್‌ಪೋರ್ಟ್ ತೋರಿಸುವ ಕಿರಿಕಿರಿ ಇಲ್ಲ. ನಾಲ್ಕೂ ದೇಶದ ರಸ್ತೆ ತೆರಿಗೆ ಮಾತ್ರ ಫೋನಿನಲ್ಲೇ ಕಟ್ಟಿಬಿಡಿ.

ಬಲ್ಗೇರಿಯಾದಿಂದ ಟರ್ಕಿಗೆ ದಾಟುವ ಗಡಿ ಕಾಪಿಕುಲೆ. ಜುಲೈ, ಆಗಸ್ಟ್‌ನಲ್ಲಿ ಮಾತ್ರ ದಯವಿಟ್ಟು ಬೇಡ. 1961ರಲ್ಲಿ ಜರ್ಮನಿ ಟರ್ಕಿಯಿಂದ ಕೆಲಸಗಾರರನ್ನು ಕರೆಸಿಕೊಳ್ಳುವ ಒಪ್ಪಂದ ಮಾಡಿಕೊಂಡಿತಲ್ಲ, ಆಗ ಬಂದವರ ಮಕ್ಕಳು, ಮೊಮ್ಮಕ್ಕಳು ಇವತ್ತಿಗೂ ಬೇಸಿಗೆ ರಜೆಗೆ ಕಾರಿನ ತುಂಬ ಸಾಮಾನು ಹೇರಿಕೊಂಡು ಊರಿಗೆ ಹೊರಡುತ್ತಾರೆ, ಶಾಲೆಗೆ ರಜೆ ಬಿದ್ದ ವಾರ ಆ ಸಾಲು ಗಂಟೆಗಟ್ಟಲೆ ನಿಲ್ಲುತ್ತದೆ. ಆ ದಾರಿಗೆ ಅವರ ಭಾಷೆಯಲ್ಲಿ 'ಸಿಲಾ ಯೋಲು' ಅಂತ ಹೆಸರೇ ಇದೆ, ತವರಿನ ದಾರಿ ಅಂತ. ಸೆಪ್ಟೆಂಬರ್‌ನಲ್ಲೇ ನಮಗೆ ಎರಡು ಗಂಟೆ ಹಿಡಿಯಿತು. ಸಾಲು ಉದ್ದ ಇದ್ದರೆ ಉತ್ತರಕ್ಕೆ ಹಂಜಾಬೆಯ್ಲಿ ಅನ್ನುವ ಇನ್ನೊಂದು ಗಡಿ ಇದೆ.

ಗಡಿ ದಾಟಿದ ಮೇಲೆ ಎಲ್ಲರೂ ಸೀದಾ ಇಸ್ತಾಂಬುಲ್ ಕಡೆ ಓಡುತ್ತಾರೆ. ನೀವು ಎಡಿರ್ನೆಯಲ್ಲಿ ಒಂದು ರಾತ್ರಿ ಉಳಿಯಿರಿ. ಗಡಿಯಿಂದ ಇಪ್ಪತ್ತು ಕಿಲೋಮೀಟರೂ ಇಲ್ಲ. ಅಲ್ಲಿನ ಸೆಲಿಮಿಯೆ ಮಸೀದಿ 1575ರಲ್ಲಿ ಮುಗಿದದ್ದು. ಕಟ್ಟಿದ ಮಿಮಾರ್ ಸಿನಾನ್ ನೂರಾರು ಕಟ್ಟಡ ಕಟ್ಟಿದವನು, ತನ್ನ ಅತ್ಯುತ್ತಮ ಕೆಲಸ ಅಂತ ತೋರಿಸಿದ್ದು ಇಸ್ತಾಂಬುಲ್‌ನದ್ದಲ್ಲ, ಇದನ್ನು. ಮೈಗೆ ಎಣ್ಣೆ ಹಚ್ಚಿಕೊಂಡು ಆಡುವ ಕಿರ್ಕ್‌ಪಿನಾರ್ ಕುಸ್ತಿಯ ಊರೂ ಇದೇ. ಮಗನಿಗೆ ಪೈಲ್ವಾನರ ಪ್ರತಿಮೆ ತೋರಿಸಿ ಮೈಸೂರಿನ ಗರಡಿಮನೆ ಕಥೆ ಹೇಳಿದೆ. ಅವನಿಗೆ ಆಸಕ್ತಿ ಇದ್ದದ್ದು ಅಲ್ಲಿದ್ದ ಬೆಕ್ಕುಗಳ ಮೇಲೆ.

ಟೋಲ್‌ಗೆ ನಮ್ಮ ಫಾಸ್ಟ್ಯಾಗ್ ತರಹದ್ದೇ ಒಂದು ಸ್ಟಿಕ್ಕರ್ ಇದೆ, ಎಚ್‌ಜಿಎಸ್ ಅಂತ. ಪಿಟಿಟಿ ಅಂತ ಹಳದಿ ಬೋರ್ಡ್ ಇರುವ ಅಂಚೆ ಕಚೇರಿಯಲ್ಲಿ ಸಿಗುತ್ತದೆ, ಪಾಸ್‌ಪೋರ್ಟ್ ಮತ್ತು ಕಾರಿನ ಕಾಗದ ಒಯ್ಯಿರಿ. ಎಡಿರ್ನೆಯಲ್ಲೇ ತಗೊಳ್ಳಿ. ಅದಿಲ್ಲದೆ ಟೋಲ್ ಗೇಟ್ ದಾಟಿದರೆ ಯಾರೂ ನಿಲ್ಲಿಸಲ್ಲ, ಆದರೆ ದಂಡ ಸೇರುತ್ತಾ ಹೋಗಿ ದೇಶ ಬಿಡುವ ಗಡಿಯಲ್ಲಿ ಬಿಲ್ ಎದುರಿಗೆ ಬಂದು ನಿಲ್ಲಬಹುದು.

ಇಸ್ತಾಂಬುಲ್‌ನಲ್ಲಿ ಕಾರು ಓಡಿಸಬೇಡಿ. ಬೆಂಗಳೂರಿನ ಸಿಲ್ಕ್ ಬೋರ್ಡ್ ನೋಡಿದವನು ನಾನು, ನನಗೇನು ಅಂದುಕೊಂಡು ಒಳಗೆ ನುಗ್ಗಿದೆ, ಹೋಟೆಲ್ ಇದ್ದ ಗಲ್ಲಿಯ ಏರಿನಲ್ಲಿ ಕ್ಲಚ್ ವಾಸನೆ ಬರುವವರೆಗೂ ಸಿಕ್ಕಿಹಾಕಿಕೊಂಡೆ, ಹಿಂದಿನಿಂದ ಇಪ್ಪತ್ತು ಹಾರ್ನ್, ಪಕ್ಕದ ಅಂಗಡಿಯವರು ಬಂದು ಕೈಸನ್ನೆ ಮಾಡಿ ಹಿಂದಕ್ಕೆ ತೆಗೆಸಿದರು. ಕಾರನ್ನು ಊರಾಚೆ ಒಂದು 'ಓಟೋಪಾರ್ಕ್'ನಲ್ಲಿ ಬಿಟ್ಟು ಮೆಟ್ರೋ ಹತ್ತಿ. ಯುರೋಪಿನಿಂದ ಏಷ್ಯಾಕ್ಕೆ ದಾಟುವ ಖುಷಿ ಬೇಕು ಅಂದರೆ ಎಮಿನೊನುವಿನಿಂದ ಕಾಡಿಕೊಯ್‌ಗೆ ಹೋಗುವ ದೋಣಿ ಹತ್ತಿ. ಒಂದು ಲೋಟ ಚಹಾ, ಎಳ್ಳು ಹಚ್ಚಿದ ಬಳೆಯಂಥ ಬ್ರೆಡ್ಡು ಸಿಮಿತ್, ಅದರ ಚೂರಿಗೆ ಬರುವ ಕಡಲಕ್ಕಿಗಳು. ಮಗಳಿಗೆ ಇದು ನೆನಪಿರುತ್ತೆ, ಸೇತುವೆ ನೆನಪಿರಲ್ಲ. ಕಾರಿನಲ್ಲಿ ದಾಟುವಾಗ ಊರಿನ ಒಳಗೆ ಬರದೆ ಉತ್ತರದ ಹೊರವರ್ತುಲ ರಸ್ತೆ ಹಿಡಿದು 2016ರಲ್ಲಿ ತೆರೆದ ಬಾಸ್ಫರಸ್‌ನ ಮೂರನೇ ಸೇತುವೆ ಮೇಲೆ ಹೋಗಿ. ಲಾರಿಗಳೆಲ್ಲ ಅಲ್ಲೇ ಇರುತ್ತವೆ, ಆದರೂ ಜಾಮ್ ಕಡಿಮೆ. ಆ ಊರೇ ಬೇಡ ಅಂದರೆ ದಕ್ಷಿಣಕ್ಕೆ ಚನಕ್ಕಲೆಯಲ್ಲೂ ದಾಟಬಹುದು. 2022ರಲ್ಲಿ ತೆರೆದ ತೂಗುಸೇತುವೆ ಅಲ್ಲಿದೆ. ನಡುವಿನ ಹರವು 2023 ಮೀಟರ್, ಗಣರಾಜ್ಯಕ್ಕೆ ನೂರು ತುಂಬುವ ವರ್ಷದ ಲೆಕ್ಕಕ್ಕೆ ಬೇಕೆಂದೇ ಇಟ್ಟ ಅಳತೆ. ಆದರೆ ಪೂರ್ವಕ್ಕೆ ಹೋಗುವ ನಿಮಗೆ ಅದು ಸುತ್ತು.

ಅಂಕಾರಾ ಒಂದು ರಾತ್ರಿಯ ನಿದ್ದೆಗೆ ಸಾಕು. ಅಲ್ಲಿಂದ ಅಕ್ಸರಾಯ್ ಕಡೆ ಹೋಗುವಾಗ ಬಲಕ್ಕೆ ತುಜ್ ಗೋಲು ಸಿಗುತ್ತದೆ, ಉಪ್ಪಿನ ಸರೋವರ. ಬೇಸಿಗೆ ಮುಗಿಯುವ ಹೊತ್ತಿಗೆ ನೀರೆಲ್ಲ ಆರಿ ಕಣ್ಣು ಹರಿಯುವಷ್ಟು ದೂರ ಬರೀ ಬಿಳಿ. ಬರಿಗಾಲಲ್ಲಿ ನಡೆಯಬೇಡಿ, ಹಿಮ್ಮಡಿ ಒಡೆದಿದ್ದರೆ ಪ್ರಾಣ ಹೋಗುತ್ತದೆ, ಅನುಭವದ ಮಾತು. ಅಕ್ಸರಾಯ್‌ನಿಂದ ಕೊನ್ಯಾ ರಸ್ತೆಯಲ್ಲಿ ಸ್ವಲ್ಪ ಹಿಂದಕ್ಕೆ ಹೋದರೆ ಸುಲ್ತಾನ್‌ಹಾನ್, 1229ರ ಸೆಲ್ಜುಕ್ ದೊರೆಗಳ ಕಾಲದ ಛತ್ರ. ಒಂಟೆಗಳು ಒಂದು ದಿನಕ್ಕೆ ನಡೆಯುವಷ್ಟು ದೂರಕ್ಕೆ, ಅಂದರೆ 30-40 ಕಿಲೋಮೀಟರಿಗೆ ಒಂದರಂತೆ ಇಂಥ ಛತ್ರ ಕಟ್ಟಿದ್ದರು. ಒಳಗೆ ನಿಂತು ನೋಡಿದರೆ ಕಲ್ಲಿನ ಕಮಾನುಗಳ ಸಾಲು, ತಂಪು, ಪಾರಿವಾಳದ ಸದ್ದು. ನಾವಿದ್ದ ಅರ್ಧ ಗಂಟೆಯಲ್ಲಿ ಬೇರೆ ನಾಲ್ಕೇ ಜನ ಬಂದರು.

ಕಪಡೋಕಿಯಾದ ಬಲೂನ್ ಫೋಟೋ ನೀವು ಸಾವಿರ ನೋಡಿರುತ್ತೀರಿ. ನಾನು ಹತ್ತಲಿಲ್ಲ, ದರ ಕೇಳಿ ಕೆಳಗಿನಿಂದಲೇ ನೋಡಿದೆ, ಬೆಳಗ್ಗೆ ಐದೂವರೆಗೆ ಗುಡ್ಡದ ಮೇಲೆ ಕಂಬಳಿ ಹೊದ್ದು. ಅದೂ ಚೆನ್ನಾಗೇ ಇತ್ತು. ಡೆರಿನ್‌ಕುಯುವಿನ ನೆಲದಡಿಯ ಊರಿಗೆ ಮಗಳನ್ನು ಕರೆದುಕೊಂಡು ಹೋಗಿ. ಬಗ್ಗಿಕೊಂಡೇ ಇಳಿಯುವ ಸುರಂಗಗಳು, ಬಾಗಿಲಿಗೆ ಉರುಳಿಸುವ ಬೀಸುಕಲ್ಲಿನಂಥ ಬಂಡೆಗಳು. ಇಕ್ಕಟ್ಟು ಅಂದರೆ ಉಸಿರು ಕಟ್ಟುವವರಿಗೆ ಬೇಡ.

ಇಲ್ಲಿಂದಲೇ ಹೆಚ್ಚಿನ ಪ್ರವಾಸಿಗರು ಹಿಂದೆ ತಿರುಗುತ್ತಾರೆ. ನಿಜವಾದ ಪ್ರಯಾಣ ಶುರುವಾಗಿದ್ದು ಇಲ್ಲಿಂದ ಅಂತ ನನ್ನ ಲೆಕ್ಕ. ಕೈಸೆರಿ ದಾಟಿ ಸಿವಾಸ್, ಆಮೇಲೆ ಎರ್ಜುರುಮ್. ರಸ್ತೆ ಎರಡೆರಡು ಲೇನ್, ನಮ್ಮ ಹೈವೇಗಿಂತ ಖಾಲಿ, ಬೋಳುಗುಡ್ಡ, ಕೊಯ್ದ ಗೋಧಿ ಹೊಲ, ಗಂಟೆಗೊಂದು ಊರು. ಪೆಟ್ರೋಲ್ ಬಂಕ್‌ನಲ್ಲಿ ನೀವು ಕೆಳಗಿಳಿಯಬೇಕಿಲ್ಲ, ಅವರೇ ತುಂಬಿಸುತ್ತಾರೆ. ಡೀಸೆಲ್‌ಗೆ 'ಮೊಟೊರಿನ್' ಅನ್ನಿ. ದುಡ್ಡು ಕೊಟ್ಟು ಹೊರಡುವಾಗ ಚಹಾ ಕುಡಿದು ಹೋಗಿ ಅಂತ ಕೂರಿಸುತ್ತಾರೆ, ಅದಕ್ಕೆ ದುಡ್ಡು ತಗೊಳ್ಳಲ್ಲ. ಸಿವಾಸ್ ಹತ್ತಿರ ಒಬ್ಬ ಮುದುಕಪ್ಪ ಎಲ್ಲಿಂದ ಅಂದರು. 'ಹಿಂದಿಸ್ತಾನ್' ಅಂದೆ. ಜರ್ಮನಿ ನಂಬರ್ ಪ್ಲೇಟ್ ನೋಡಿದರು, ನನ್ನ ಮುಖ ನೋಡಿದರು, ಇನ್ನೂ ಮೂರು ಲೋಟ ತರಿಸಿದರು. ಅಂದಹಾಗೆ ಇಂಗ್ಲಿಷಿನವರು ಟರ್ಕಿ ಅಂತ ಕರೆಯುವ ಕೋಳಿಗೆ ಟರ್ಕಿಯವರ ಹೆಸರು 'ಹಿಂದಿ', ಅಂದರೆ ಭಾರತದ್ದು. ಯಾರದ್ದೂ ಅಲ್ಲದ ಕೋಳಿ, ಅದು ಬಂದಿದ್ದು ಅಮೆರಿಕದಿಂದ.

ಸೇಫಾ ಅಂದರೆ, ನಾನು ಭಯಪಟ್ಟದ್ದು ಎರಡಕ್ಕೆ. ಒಂದು ನಾಯಿ. ಸಿವಾಸ್ ಕಡೆಯ ಕಾಂಗಲ್ ಅನ್ನುವ ಕುರಿ ಕಾಯುವ ನಾಯಿಗಳು, ತೋಳ ಕಚ್ಚದಿರಲಿ ಅಂತ ಕೊರಳಿಗೆ ಮುಳ್ಳಿನ ಪಟ್ಟಿ. ಕುರಿಮಂದೆ ಕಂಡಲ್ಲಿ ಫೋಟೋ ಅಂತ ಇಳಿಯಬೇಡಿ. ಇನ್ನೊಂದು ರಾತ್ರಿ ಹಿಂದೆ ಲೈಟಿಲ್ಲದೆ ಹೋಗುವ ಟ್ರ್ಯಾಕ್ಟರ್. ಕತ್ತಲಾಗುವ ಮೊದಲು ಊರು ಸೇರಿಬಿಡಿ. ರಸ್ತೆ ಬದಿ ಪೊಲೀಸ್ ಕಾರು ಕಂಡು ಬ್ರೇಕ್ ಒತ್ತುತ್ತೀರಿ, ಹತ್ತಿರ ಹೋದರೆ ಅದು ಲೈಟ್ ಹಾಕಿದ ತಗಡಿನ ಬೊಂಬೆ. ಮುಂದಿನದು ನಿಜದ್ದೇ ಇರುತ್ತೆ, ನಗಬೇಡಿ.

ಊಟ. 'ಎತ್‌ಸಿಜ್' ಅನ್ನುವ ಒಂದು ಪದ ಕಲಿಯಿರಿ, ಮಾಂಸ ಇಲ್ಲದ್ದು ಅಂತ. ಮೆರ್ಜಿಮೆಕ್ ಸೂಪ್ ಅಂದರೆ ಕೆಂಪು ಬೇಳೆಯದ್ದು, ನಿಂಬೆಹಣ್ಣು ಹಿಂಡಿಕೊಂಡರೆ ನಮ್ಮ ತೊವ್ವೆಯ ತಂಗಿ. ಆಯ್ರಾನ್ ಅಂದರೆ ಉಪ್ಪು ಹಾಕಿದ ಮಜ್ಜಿಗೆಯೇ. ದಾರಿಬದಿಯ ಹೆಂಗಸರು ಕಾವಲಿ ಮೇಲೆ ಸುಡುವ ಗೊಜ್ಲೆಮೆ ಅನ್ನುವ ರೊಟ್ಟಿಯಲ್ಲಿ ಚೀಸ್, ಪಾಲಕ್, ಆಲೂಗಡ್ಡೆ ಇರುತ್ತೆ. 'ಚೀ ಕೊಫ್ತೆ' ಹೆಸರು ಹಸಿ ಮಾಂಸದ್ದಾದರೂ ಈಗ ಅಂಗಡಿಗಳಲ್ಲಿ ಮಾರುವುದು ಗೋಧಿ ನುಚ್ಚಿನ ಖಾರದ ಉಂಡೆ, ಹೆಂಡತಿ ದಿನಾ ಅದನ್ನೇ ತಿಂದಳು. ಹುಷಾರಾಗಿರಬೇಕಾದದ್ದು ಅನ್ನಕ್ಕೆ, ಕೆಲವು ಕಡೆ ಮಾಂಸ ಬೇಯಿಸಿದ ನೀರಲ್ಲಿ ಮಾಡುತ್ತಾರೆ. ಕಟ್ಟುನಿಟ್ಟಾದವರು ಕೇಳಿ ತಿನ್ನಿ. ನಾವು ಉಪ್ಪಿನಕಾಯಿ, ಚಟ್ನಿಪುಡಿ ಒಯ್ದಿದ್ದೆವು, ಎರ್ಜುರುಮ್ ಹೊತ್ತಿಗೆ ಖಾಲಿ.

ಎರ್ಜುರುಮ್ ಸುಮಾರು 1900 ಮೀಟರ್ ಎತ್ತರದಲ್ಲಿದೆ, ಸೆಪ್ಟೆಂಬರ್‌ನಲ್ಲೇ ಸ್ವೆಟರ್ ಬೇಕು. ಅಲ್ಲಿ ಚಹಾಕ್ಕೆ ಸಕ್ಕರೆ ಕಲಸುವುದಿಲ್ಲ, ಗಟ್ಟಿ ಸಕ್ಕರೆ ಗಡ್ಡೆಯನ್ನು ಹಲ್ಲಿನ ನಡುವೆ ಇಟ್ಟುಕೊಂಡು ಹೀರುತ್ತಾರೆ. ನಮ್ಮಜ್ಜಿ ಬೆಲ್ಲ ಕಚ್ಚಿಕೊಂಡು ಕಾಫಿ ಕುಡಿಯುತ್ತಿದ್ದದ್ದು ಥೇಟ್ ಹೀಗೇ.

ಅಲ್ಲಿಂದ ಇಸ್ಪಿರ್ ಮೇಲೆ ರಿಜೆಗೆ ಇಳಿಯಿರಿ. ನಡುವೆ 2018ರಲ್ಲಿ ತೆರೆದ ಓವಿಟ್ ಸುರಂಗ, ಹದಿನಾಲ್ಕು ಕಿಲೋಮೀಟರ್‌ಗೂ ಜಾಸ್ತಿ. ನಾವು ಒಳಗೆ ಹೋಗುವಾಗ ಒಣ ಗುಡ್ಡ, ನೀಲಿ ಆಕಾಶ, ಕೂಲಿಂಗ್ ಗ್ಲಾಸ್. ಸುರಂಗದ ಆ ಕಡೆ ಮಂಜು, ಜಿಟಿಜಿಟಿ ಮಳೆ. ಇನ್ನಷ್ಟು ಕೆಳಗಿಳಿದರೆ ಗುಡ್ಡದ ನೆತ್ತಿವರೆಗೂ ಚಹಾ ಗಿಡ. ಯಾರೋ ಕಣ್ಣು ಕಟ್ಟಿ ಆಗುಂಬೆಯಲ್ಲಿ ಇಳಿಸಿದ ಹಾಗಾಯಿತು. ಮೋಡಗಳನ್ನೆಲ್ಲ ಆ ಬೆಟ್ಟಸಾಲು ಸಮುದ್ರದ ಕಡೆಗೇ ತಡೆದುಬಿಡುತ್ತದೆ, ನಮ್ಮ ಘಟ್ಟದ ಹಾಗೆಯೇ. ಪಕ್ಕದಲ್ಲಿ ಬೈಬುರ್ಟ್‌ನಿಂದ ಓಫ್‌ಗೆ ಇಳಿಯುವ ಡಿ915 ಅನ್ನುವ ರಸ್ತೆಯ ವಿಡಿಯೋ ನೋಡಿ ಆಸೆ ಪಡಬೇಡಿ. ತಡೆಗೋಡೆ ಇಲ್ಲದ ಮಣ್ಣಿನ ಹೇರ್‌ಪಿನ್ ತಿರುವುಗಳು, ಮಗುವನ್ನು ಕೂರಿಸಿಕೊಂಡು ಹೋಗುವ ಜಾಗ ಅಲ್ಲ.

ಹಾಗಾಗಿ ನನ್ನ ಲೆಕ್ಕ: ಎಡಿರ್ನೆ ಒಂದು ರಾತ್ರಿ, ಇಸ್ತಾಂಬುಲ್ ಎರಡು, ಅಂಕಾರಾ ಒಂದು, ಕಪಡೋಕಿಯಾ ಎರಡು, ಸಿವಾಸ್ ಒಂದು, ಎರ್ಜುರುಮ್ ಒಂದು, ರಿಜೆ ಕಡೆ ಎರಡು. ರಜೆ ಅಷ್ಟು ಸಿಗಲ್ಲ ಅಂದರೆ ಇಸ್ತಾಂಬುಲ್ ಬಿಡಿ, ರಿಜೆ ಬಿಡಬೇಡಿ.

ಕೊನೆಗೆ ಸಾರ್ಪ್ ಗಡಿ, ಸಮುದ್ರಕ್ಕೆ ಅಂಟಿಕೊಂಡೇ ಇದೆ. ಇಲ್ಲಿ ಕಾರಿನಲ್ಲಿ ಓಡಿಸುವವರು ಒಬ್ಬರೇ ಹೋಗಬೇಕು, ಉಳಿದವರು ಇಳಿದು ಕಟ್ಟಡದೊಳಗೆ ನಡೆದುಕೊಂಡು ದಾಟಬೇಕು. ನನಗಿದು ಗೊತ್ತಿರಲಿಲ್ಲ. ಅಧಿಕಾರಿ ಇಳಿಯಿರಿ ಅಂದ ಕೂಡಲೇ ಹೆಂಡತಿ ಮಗ ಕೈಬೀಸಿ ಹೋದರು, ಅವಳ ಪರ್ಸ್, ನೀರು, ಚಾರ್ಜರ್ ಎಲ್ಲಾ ಕಾರಿನಲ್ಲೇ. ನಾನು ಒಂದೂವರೆ ಗಂಟೆ ಸಾಲಿನಲ್ಲಿ, ಟರ್ಕಿಯ ಸಿಮ್ ಆ ಕಡೆ ಸತ್ತುಹೋಗಿತ್ತು. ದಾಟಿ ನೋಡಿದರೆ ಇಬ್ಬರೂ ಹಣ ಬದಲಿಸುವ ಅಂಗಡಿ ಮುಂದಿನ ಕಟ್ಟೆ ಮೇಲೆ ಮುಖ ಊದಿಸಿಕೊಂಡು ಕೂತಿದ್ದರು. ಹಾಗಾಗಿ ಇಳಿಯುವ ಮೊದಲೇ ಅವರ ಪಾಸ್‌ಪೋರ್ಟ್, ಒಂದು ಬಾಟಲಿ ನೀರು, ಸ್ವಲ್ಪ ಯೂರೋ, ಬಿಸ್ಕತ್ತು ಅವರ ಕೈಗೆ ಕೊಡಿ, ಆ ಕಡೆ ಎಲ್ಲಿ ಸೇರುವುದು ಅಂತ ಮಾತಾಡಿಕೊಳ್ಳಿ. ಹೇಳಿಕೊಳ್ಳುವ ಸಮಯಕ್ಕೆ ಒಂದು ಗಂಟೆ ಸೇರಿಸಿ, ಜಾರ್ಜಿಯಾದ ಗಡಿಯಾರ ಟರ್ಕಿಗಿಂತ ಅಷ್ಟು ಮುಂದಿದೆ.