ಎರಡು ಬಿಯರ್ ಕುಡಿದು ಗಾಡಿ ಓಡಿಸಬಹುದಾ ಅಂತ ಕೇಳಿದ್ದೀಯಲ್ಲ

ತಮ್ಮಾ, ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಬಂದು ಸೇರಿದ್ದು ಸಂತೋಷ. ಮೂರು ಪ್ರಶ್ನೆ ಕೇಳಿದ್ದೀಯ. ಬಾಡಿಗೆ ಮನೆ ಕ್ಯಾಲ್‌ಟ್ರೇನ್ ಸ್ಟೇಷನ್ ಹತ್ತಿರ ನೋಡು. ಕಾರು ಹಳೇ ಕೊರೊಲ್ಲಾ ಸಾಕು. ಇನ್ನು, ಶುಕ್ರವಾರ ಟೀಮಿನವರ ಜೊತೆ ಎರಡು ಬಿಯರ್ ಹಾಕಿ ಡ್ರೈವ್ ಮಾಡಿದರೆ ಪೊಲೀಸರು ಹಿಡಿಯುತ್ತಾರಾ ಅನ್ನೋದು.

2014ರಲ್ಲಿ ನಾನು ಬಂದಾಗ ಇಲ್ಲಿನ ಮಿತಿ ಕೇಳಿ ರೂಮಿನವರೆಲ್ಲ ನಕ್ಕಿದ್ದೆವು. ನಮ್ಮಲ್ಲಿ ರಕ್ತದಲ್ಲಿ ಮದ್ಯದ ಅಂಶ 0.03% ದಾಟಿದರೆ ಕೇಸು, ಕ್ಯಾಲಿಫೋರ್ನಿಯಾದಲ್ಲಿ 0.08%. ಊರಿಗಿಂತ ಇಲ್ಲೇ ಧಾರಾಳ, ಅಲ್ವಾ? ಅಲ್ಲ. ಅಷ್ಟು ಮುಟ್ಟದಿದ್ದರೂ ಕುಡಿದು ಹದ ತಪ್ಪಿ ಓಡಿಸಿದ್ದು ಕಂಡರೆ ಕೇಸ್ ಹಾಕಬಹುದು.

2016ರಲ್ಲಿ ನನ್ನ ರೂಮ್‌ಮೇಟ್, ಹಾಸನದ ಹುಡುಗ, ಎಲ್ ಕಮಿನೋ ರಸ್ತೆಯಲ್ಲಿ ಸಿಕ್ಕಿಬಿದ್ದ. ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಒಂಬತ್ತು ಹೆಜ್ಜೆ ನಡೆಯಲು ಹೇಳಿದರಂತೆ. ಅರ್ಧದಲ್ಲೇ ತೂಗಾಡಿ ಎರಡೂ ಕೈ ಚಾಚಿದ. ಬೇಡಿ ಬಿತ್ತು. ಬೆಂಗಳೂರಿನಲ್ಲಾದರೆ ಊದಿಸುತ್ತಾರೆ, ಹತ್ತು ಸಾವಿರ ಕಟ್ಟಿ ಗಾಡಿ ಬಿಡಿಸಿಕೊಂಡು ಬರುತ್ತೇವೆ. ಇಲ್ಲಿ ಲೈಸೆನ್ಸ್ ಅಲ್ಲೇ ಕಿತ್ತುಕೊಂಡರು. ಅದನ್ನು ಉಳಿಸಿಕೊಳ್ಳಲು ಡಿಎಂವಿಯಲ್ಲಿ, ಅಂದರೆ ಇಲ್ಲಿನ ಆರ್‌ಟಿಒದಲ್ಲಿ, 10 ದಿನದೊಳಗೆ ವಿಚಾರಣೆ ಕೇಳಬೇಕು. ಇವನು ನಾಚಿಕೊಂಡು ಯಾರಿಗೂ ಹೇಳದೆ ಕೂತ, ಗಡುವು ಮುಗಿಯಿತು. ವಕೀಲರು, ದಂಡ, ಇನ್ಶೂರೆನ್ಸ್ ಎಲ್ಲ ಹೇಗೋ ದುಡಿದು ತೀರಿಸಿದ.

ವೀಸಾದ್ದೇ ದೊಡ್ಡ ಪೆಟ್ಟು. 2015ರಿಂದ ಈಚೆಗೆ, ಕುಡಿದು ಓಡಿಸಿ ಅರೆಸ್ಟ್ ಆದರೆ ಸಾಕು, ಕೋರ್ಟು ತೀರ್ಪು ಕೊಡುವ ಮೊದಲೇ ವೀಸಾ ರದ್ದು ಮಾಡಬಹುದು. ಅವನಿಗೆ ಅಮೆರಿಕದ ಕಾನ್ಸುಲೇಟಿನಿಂದ ಸಣ್ಣದೊಂದು ಇಮೇಲ್ ಬಂತು, ಅಷ್ಟೇ. ಆಗ ಅವನಿಗೆ ಇಲ್ಲಿದ್ದು ಕೆಲಸ ಮಾಡಲು ಅಡ್ಡಿಯಾಗಲಿಲ್ಲ. ಊರಿಗೆ ಹೋದರೆ ಮಾತ್ರ ಹೊಸ ವೀಸಾ ಬೇಕು, ಅದಕ್ಕೆ ಮೊದಲು ಅವರು ಹೇಳಿದ ಡಾಕ್ಟರ ತಪಾಸಣೆ. ಸಿಗುತ್ತದೋ ಇಲ್ಲವೋ ದೇವರೇ ಬಲ್ಲ. ಕೇಸು ಆಮೇಲೆ ‘ವೆಟ್ ರೆಕ್‌ಲೆಸ್’, ಅಂದರೆ ಕುಡಿತ ಸೇರಿದ ಅಜಾಗರೂಕ ಚಾಲನೆ, ಅಂತ ಸಣ್ಣದಾಯಿತು, ಹೋದ ವೀಸಾ ಬರಲಿಲ್ಲ. ಹೆದರಿ ತಂಗಿ ಮದುವೆಗೂ ಹೋಗಲಿಲ್ಲ. ನಮ್ಮ ಅಡುಗೆಮನೆ ಕಟ್ಟೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ರಾತ್ರಿಯೆಲ್ಲ ನೋಡಿದ. ಲಾಜಾಹೋಮದಲ್ಲಿ ತಂಗಿ ಕೈಗೆ ಅರಳು ಹಾಕಿದ್ದು ಚಿಕ್ಕಪ್ಪನ ಮಗ. ಆ ಮನೆಯಲ್ಲಿ ಇವನೊಬ್ಬನೇ ಗಂಡು ಮಗ, ನಿನಗೆ ಬಿಡಿಸಿ ಹೇಳಬೇಕಿಲ್ಲ.

ಪೊಲೀಸರನ್ನು ನೋಡಿ ಗಲ್ಲಿಗೆ ತಿರುಗಿಸುವ ನಮ್ಮೂರ ಜಾಣತನ ಇಲ್ಲಿ ನಡೆಯಲ್ಲ. ಹಿಂದಿನ ಕಾರಿನವರೇ ಪೊಲೀಸರ ತುರ್ತು ನಂಬರ್ 911ಕ್ಕೆ ಫೋನ್ ಮಾಡುತ್ತಾರೆ. ಮುಚ್ಚಳ ತೆಗೆದ ಬಾಟಲಿ ಸೀಟಿನ ಹತ್ತಿರ ಇಡಬೇಡ, ಡಿಕ್ಕಿಗೆ ಹಾಕು. ಅದಕ್ಕೂ ದಂಡ ಇದೆ. ಶುಕ್ರವಾರ ಕಾರನ್ನು ಬೆಳಿಗ್ಗೆಯೇ ಮನೆಯಲ್ಲಿ ಬಿಡು. ರಾತ್ರಿ ಊಬರ್ ಸಿಗದಿದ್ದರೆ ನನಗೆ ಫೋನ್ ಮಾಡು, ಎಷ್ಟು ಹೊತ್ತಾದರೂ ಬರುತ್ತೇನೆ. ನಿಮ್ಮ ಅತ್ತಿಗೆ ಬೈದರೆ ಬೈಯಲಿ.